ಪಾರ್ಲಿಮೆಂಟ್ ಹಿಲ್ಲಿನ ಪುಷ್ಕರಿಣಿ

ದೇಶಾಂತರಕ್ಕೆ ಹೋಗಿಬಂದವರು ಅಲ್ಲಿಯ ಅರಮನೆಗಳನ್ನೂ ಇಗರ್ಜಿಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ವರ್ಣಿಸುವುದು ವಾಡಿಕೆ. ನಾನು ಲಂಡನ್ ಪಟ್ಟಣದಲ್ಲಿ ಏಳು ತಿಂಗಳು ಇದ್ದೆನು. ಆದರೂ ಅಂತಹ ಒಂದು ಕಟ್ಟಡದ ಹೊಸ್ತಿಲನ್ನೂ ದಾಟಲಿಲ್ಲ. ಅಲ್ಲಿ ನಾನು ಮನಸ್ಸಿಟ್ಟು ನೋಡಿದ ಸ್ಥಳ ಒಂದೇ. ಅದು ಊರಿನ ಜನ ಈಜುವ ಒಂದು ಕೊಳ. ಇದನ್ನು ಓದಿ ವಾಚಕರು ನಗಬಹುದು. ಆದರೆ ಅದು 2020ನೆಯ ಇಸವಿ. ಲೋಕದ ಬಾಗಿಲುಗಳೆಲ್ಲ ಮುಚ್ಚಿದ್ದ ಕಾಲದಲ್ಲಿ ಯಾವ ಬಾಗಿಲು ಮೊದಲು ತೆರೆಯಿತೋ ಅದೇ ಯಾತ್ರಾಸ್ಥಳವಾಯಿತು.

ನಾನು ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮರುವರ್ಷ, ಫೆಬ್ರವರಿ ತಿಂಗಳಲ್ಲಿ, ಮಗಳ ಬಾಣಂತನದ ನಿಮಿತ್ತ ಪತ್ನೀಸಮೇತನಾಗಿ ಅಲ್ಲಿಗೆ ಹೋಗಿದ್ದೆನು. ಮಗಳ ಮನೆಯಿರುವುದು ಪಟ್ಟಣದ ವಾಯವ್ಯಕ್ಕೆ, ವೆಂಬ್ಲಿ ಎಂಬಲ್ಲಿ. ಬಾಣಂತನದ ಕೆಲಸವೆಲ್ಲ ನನ್ನ ಪತ್ನಿಯದು. ಹಿರಿಯ ಮೊಮ್ಮಗನನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಮಗುವಿನ ನಾಮಕರಣವಾದ ಮೇಲೆ ಹಿಂದಿರುಗಬೇಕೆಂದು ನಿಶ್ಚಯಿಸಿದ್ದೆವು. ಅಷ್ಟರಲ್ಲಿ ಕೊರೋನಾ ವ್ಯಾಧಿಯು ಹಬ್ಬಿತು. ಮಾರ್ಚಿ 20ರಂದು ಅಲ್ಲಿಯ ಈಜುಕೊಳಗಳನ್ನೂ ವ್ಯಾಯಾಮಶಾಲೆಗಳನ್ನೂ ಮುಚ್ಚಬೇಕೆಂದು ಸರಕಾರವು ಹೇಳಿತು. 22ರಿಂದ ನಮ್ಮ ದೇಶಕ್ಕೆ ಬರುವ ವಿಮಾನಗಳು ನಿಂತವು. 23ರ ರಾತ್ರಿ ಜನರೆಲ್ಲರೂ ಮನೆಯಲ್ಲಿಯೇ ಇರತಕ್ಕದ್ದೆಂದು ಪ್ರಧಾನಮಂತ್ರಿಗಳು ಸಾರಿದರು. ಅತಿಥಿಗಳಾಗಿ ಹೋದ ನಾವು ಆಶ್ರಿತರಾದೆವು.

ಒಂಬತ್ತು ವರ್ಷದ ನನ್ನ ಮೊಮ್ಮಗನಿಗೆ ಪಾಠಶಾಲೆ ಮುಚ್ಚಿದ್ದು ವ್ಯಸನಕರವಾಗಲಿಲ್ಲ. ಕೊಳ ಮುಚ್ಚಿದ್ದು ಮಾತ್ರ ಅವನಿಗೆ ಸಹಿಸಲಾಗದ ಸಂಗತಿಯಾಯಿತು. ಹಿಂದಿನ ವರ್ಷವಷ್ಟೇ ಈಜು ಕಲಿತಿದ್ದ ಹುಡುಗ, ನಡುಮನೆಯ ಹಾಸುಗಂಬಳಿಯ ಮೇಲೆ ಬೋರಲು ಮಲಗಿ ಕೈಕಾಲು ಬಡಿಯುವನು. “ತಾತ, ಕೊಳ ಯಾವಾಗ ತೆಗೀತಾರೆ?” ಎಂಬುದು ದಿನವೂ ಬೆಳಗಿನ ಪ್ರಶ್ನೆ. ಮೂರು ತಿಂಗಳು ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಜುಲೈ 11ರಿಂದ ಬಯಲಿನ ಕೊಳಗಳನ್ನೂ, 25ರಿಂದ ಮಾಡಿನ ಕೆಳಗಿನ ಕೊಳಗಳನ್ನೂ ಇಂಗ್ಲೆಂಡಿನಲ್ಲಿ ತೆರೆಯಬಹುದೆಂದು ಅಪ್ಪಣೆಯಾಯಿತು. ಬಯಲಿಗೆ ಮೊದಲ ಸ್ಥಾನ ದೊರೆತುದಕ್ಕೆ ಕಾರಣ ಸ್ಪಷ್ಟವೇ ಇದೆ: ಈ ವ್ಯಾಧಿಯು ಉಸಿರಿನಿಂದ ಹರಡತಕ್ಕದ್ದು, ಗಾಳಿಯಾಡುವ ಕಡೆ ಭಯ ಕಡಿಮೆ.

ಕೊಳ ತೆರೆದರೂ ಪ್ರವೇಶ ಸುಲಭವಾಗಿರಲಿಲ್ಲ. ಮೊದಲಿನ ಹಾಗೆ ಬಾಗಿಲಲ್ಲಿ ಕಾಸು ಕೊಟ್ಟು ಒಳಹೋಗುವಂತಿಲ್ಲ. ಇಂಥ ದಿನ, ಇಂಥ ಹೊತ್ತು ಎಂದು ಮುಂಗಡವಾಗಿ ಅಂತರ್ಜಾಲದಲ್ಲಿ ಟಿಕೀಟು ಕಾದಿರಿಸಬೇಕು. ಜನಸಂಖ್ಯೆಗೆ ಮಿತಿಯಿದ್ದುದರಿಂದ ಟಿಕೀಟುಗಳು ಬಿಡುಗಡೆಯಾದ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತಿದ್ದವು. ಮಗಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಒಂದು ಕೈಯಲ್ಲಿ ಮೊಬೈಲು ಹಿಡಿದು, ನಾಲ್ಕನೆಯ ಪ್ರಯತ್ನದಲ್ಲಿ ಎರಡು ಟಿಕೀಟು ಪಡೆದಳು. “ಅಪ್ಪ, ನೀವೂ ನೀರಿಗಿಳಿಯಬೇಕು. ಚಿಕ್ಕ ಹುಡುಗರನ್ನು ಒಂಟಿಯಾಗಿ ಬಿಡುವುದಿಲ್ಲ” ಎಂದಳು.

ಮನೆಯಿಂದಲೇ ಈಜುಡುಗೆಯನ್ನು ಒಳಗೆ ಧರಿಸಿ ಬರಬೇಕು, ಸ್ನಾನವನ್ನು ಮನೆಯಲ್ಲಿಯೇ ಮಾಡಿ ಬರಬೇಕು, ಈಜು ಮುಗಿದೊಡನೆ ನಿಲ್ಲದೆ ಹೊರಡಬೇಕು ಎಂಬವು ನಿಯಮಗಳು. ಬಟ್ಟೆ ಬದಲಿಸುವ ಕೊಠಡಿಯಲ್ಲಿ ಜನ ಒತ್ತಾಗಬಾರದೆಂಬುದು ಇದರ ಉದ್ದೇಶ. ನಾನು ಬಾಲ್ಯದಲ್ಲಿ ಕೌಪೀನಧಾರಿಯಾಗಿ ಈಜಿದವನು. ಅಳಿಯನು ತಂದುಕೊಟ್ಟ ನೀಲಿ ಚಡ್ಡಿಯನ್ನು ಷರಾಯಿಯ ಒಳಗೆ ತೊಟ್ಟು ಹೊರಟಾಗ ನನ್ನ ಪತ್ನಿಯು, “ಏನೂಂದ್ರೆ, ಒಳಗೊಂದು ಹೊರಗೊಂದು ತೊಟ್ಟು ನಾಟಕಕ್ಕೆ ಹೊರಟ ಹಾಗಿದೆ” ಎಂದು ನಕ್ಕಳು. ಹೊರಗೆ ಉರಿಬಿಸಿಲು. ಆಗಸ್ಟ್ ತಿಂಗಳ ಎರಡನೆಯ ವಾರ. ಶಾಖವು ಸತತವಾಗಿ ಹಲವು ದಿನ 34 ಡಿಗ್ರಿಯನ್ನು ಮೀರಿತ್ತು.

ವೆಂಬ್ಲಿಯಿಂದ ವಿಲ್ಸ್‌ಡನ್ ಜಂಕ್ಷನ್ನಿಗೆ ಹೋಗಿ, ಅಲ್ಲಿ ಮೇಲಿನ ಅಟ್ಟದ ಪ್ಲಾಟ್‌ಫಾರಮ್ಮಿನಲ್ಲಿ ರೈಲು ಬದಲಿಸಿ, ಗಾಸ್ಪೆಲ್ ಓಕ್ ಎಂಬ ಸ್ಟೇಷನ್ನಿನಲ್ಲಿ ಇಳಿದೆವು. ಹಿಂದೆ ಅಲ್ಲಿ ಒಂದು ಓಕ್ ಮರವಿದ್ದು, ಅದರ ನೆರಳಿನಲ್ಲಿ ಪಾದ್ರಿಗಳು ಕ್ರಿಸ್ತನ ಸುವಾರ್ತೆಯನ್ನು ಓದುತ್ತಿದ್ದರಂತೆ; ಆದುದರಿಂದ ಆ ಹೆಸರು. ಅರಳಿಕಟ್ಟೆಯಲ್ಲಿ ಪುರಾಣ ಕೇಳಿ ಬೆಳೆದ ನನಗೆ ಇದು ಅಪರಿಚಿತವೆಂದು ತೋರಲಿಲ್ಲ. ರೈಲಿನಲ್ಲಿ ಎಲ್ಲರ ಬಾಯಿಗೂ ಮೂಗಿಗೂ ಗವಸು. ಜೂನ್ 15ರಿಂದ ಅದು ಕಡ್ಡಾಯವಾಗಿತ್ತು. ಯಾರೂ ಯಾರ ಪಕ್ಕದಲ್ಲಿಯೂ ಕೂರಲಿಲ್ಲ.

ಸ್ಟೇಷನ್ನಿನಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ, ಪಾರ್ಲಿಮೆಂಟ್ ಹಿಲ್ ಎಂಬ ಹಸುರು ಗುಡ್ಡದ ತಪ್ಪಲಿನಲ್ಲಿ, ಇಟ್ಟಿಗೆಯ ಗೋಡೆಗಳ ನಡುವೆ ಆ ಕೊಳವಿದೆ. ಇಂತಹ ಬಯಲು ಕೊಳಗಳನ್ನು ಅಲ್ಲಿಯವರು ‘ಲೀಡೊ’ ಎನ್ನುವರು. ವೆನಿಸ್ ಪಟ್ಟಣದ ಕಡಲ ದಂಡೆಗೆ ಈ ಹೆಸರಿತ್ತು. ಲ್ಯಾಟಿನ್ ಭಾಷೆಯಲ್ಲಿ ತೀರವೆಂಬ ಅರ್ಥದ ಶಬ್ದದಿಂದ ಬಂದುದು. ತೀರವಿಲ್ಲದ ಊರಿನವರು ತಮಗೊಂದು ತೀರವನ್ನು ಕಟ್ಟಿಕೊಂಡು ಅದಕ್ಕೆ ತೀರವೆಂದೇ ಹೆಸರಿಟ್ಟುದು ನನಗೆ ಬಹಳ ಹಿಡಿಸಿತು. 1930ರ ದಶಕದಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಎಂಬ ಪೌರಸಂಸ್ಥೆಯು, ಇಕ್ಕಟ್ಟಾದ ಮನೆಗಳಲ್ಲಿ ಬಿಸಿಲು ಕಾಣದೆ ಬದುಕುತ್ತಿದ್ದ ಜನರಿಗೆ ಬಿಸಿಲೂ ನೀರೂ ಒಂದೇ ಕಡೆ ದೊರೆಯಲೆಂದು ಇಂತಹ ಕೊಳಗಳನ್ನು ಕಟ್ಟಿಸಿತು. ಈ ಕೊಳವು ತೆರೆದುದು 1938ರ ಆಗಸ್ಟಿನಲ್ಲಿ. ಆಗ ತಗುಲಿದ ವೆಚ್ಚ 34,000 ಪೌಂಡುಗಳು. ಉದ್ದ 61 ಮೀಟರು, ಅಗಲ 27 ಮೀಟರು. ಮರುವರ್ಷವೇ ಮಹಾಯುದ್ಧ ಬಂದಿತು. ಕೊಳವು ಅದನ್ನೂ ದಾಟಿ ಉಳಿಯಿತು. 2005ರಲ್ಲಿ ಒಳಮೈಗೆ ತುಕ್ಕುಹಿಡಿಯದ ಉಕ್ಕಿನ ತಗಡನ್ನು ಹೊದಿಸಿದರು. ಆದುದರಿಂದ ನೀರು ಬೆಳ್ಳಿಯ ತಟ್ಟೆಯಲ್ಲಿ ತುಂಬಿಟ್ಟಂತೆ ಹೊಳೆಯುವುದು. ಅದನ್ನು ಕಾಯಿಸುವ ಏರ್ಪಾಡಿಲ್ಲ. ಸೂರ್ಯನು ಕೊಟ್ಟಷ್ಟೇ ಶಾಖ.

ಬಾಗಿಲಿನಲ್ಲಿ ಸಾಲು ನಿಂತಿದ್ದಿತು. ನೆಲದ ಮೇಲೆ ಗುರುತುಗಳನ್ನು ಹಾಕಿದ್ದರು. ಒಂದೊಂದು ಗುರುತಿಗೆ ಒಂದು ಕುಟುಂಬ. ಒಳಹೋಗುವ ದಾರಿ ಒಂದು, ಹೊರಬರುವ ದಾರಿ ಬೇರೆ. ಜ್ವರ, ಕೆಮ್ಮು ಇರುವವರು ಬರಬಾರದೆಂದು ಫಲಕದಲ್ಲಿ ಬರೆದಿತ್ತು. ನನಗೆ ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ನೆನಪಿಗೆ ಬಂದಿತು. ರೋಗಿಯಾದವನು ಸ್ನಾನಕ್ಕೆ ಇಳಿಯಬಾರದು, ಅರಿಯದ ಜಲಾಶಯಕ್ಕೆ ಇಳಿಯಬಾರದು, ನೀರಿನಲ್ಲಿ ಉಗುಳಬಾರದು ಎಂದು ಅಲ್ಲಿ ವಿಧಿಗಳಿವೆ. ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ ಈ ವಿಧಿಗಳನ್ನು ಇಂಗ್ಲಿಷಿನ ಫಲಕವೊಂದರಲ್ಲಿ ಕಂಡು, ನಮ್ಮವರು ಇದನ್ನೆಲ್ಲ ಎಂದೋ ಹೇಳಿದ್ದರಲ್ಲ ಎಂದು ನಾನು ಒಳಗೊಳಗೇ ಬೀಗಿದೆನು. ಈ ಬೀಗುವಿಕೆಯು ಬಹಳ ಹೊತ್ತು ನಿಲ್ಲಲಿಲ್ಲವೆಂಬುದನ್ನು ಮುಂದೆ ಹೇಳುವೆನು.

ನೀರಿಗಿಳಿದಾಗ ಮೊದಲ ಕ್ಷಣದಲ್ಲಿ ಉಸಿರು ಕಟ್ಟಿತು. ಬಿಸಿಲಿನಲ್ಲಿ ಕಾದ ಮೈಗೆ ಆ ತಂಪು ಚುಚ್ಚಿದಂತಾಯಿತು. ನಾಲ್ಕಾರು ಬೀಸಿನ ತರುವಾಯ ಕೈಕಾಲುಗಳು ತಮ್ಮ ಹಳೆಯ ವಿದ್ಯೆಯನ್ನು ನೆನಪಿಗೆ ತಂದುಕೊಂಡವು. ಕೊಳವನ್ನು ಅಗಲವಾದ ಪಟ್ಟಿಗಳಾಗಿ ಹಗ್ಗದಿಂದ ವಿಭಾಗಿಸಿದ್ದರು. ಒಂದು ಪಟ್ಟಿಯಲ್ಲಿ ಹೋಗಬೇಕು, ಮತ್ತೊಂದರಲ್ಲಿ ಬರಬೇಕು. ಎದುರಾಬದುರು ಬರುವಂತಿಲ್ಲ, ತುದಿಯಲ್ಲಿ ಗುಂಪಾಗಿ ನಿಂತು ಹರಟುವಂತಿಲ್ಲ. ದೇವಾಲಯದ ಪ್ರದಕ್ಷಿಣೆಯ ಹಾಗೆ ಎಲ್ಲರೂ ಒಂದೇ ಸುತ್ತಿನಲ್ಲಿ ಸಾಗುತ್ತಿದ್ದರು. ಮೊಮ್ಮಗನು ನನ್ನನ್ನು ದಾಟಿ ಮುಂದೆ ಹೋಗಿ, “ತಾತ, ನಿಧಾನ ಆಯ್ತು!” ಎಂದು ಕೂಗಿದನು. ಎತ್ತರದ ಕುರ್ಚಿಯಲ್ಲಿದ್ದ ಕಾವಲಿನ ಹುಡುಗಿಯು ಬೆರಳೆತ್ತಿ ಅವನನ್ನು ಪಟ್ಟಿಯೊಳಕ್ಕೆ ಕಳುಹಿಸಿದಳು.

ನೀರಿನಿಂದಲೇ ರೋಗ ಹರಡದೆ ಎಂಬ ಭಯವು ಆಗ ಅನೇಕರಲ್ಲಿ ಇದ್ದಿತು. ಮರುವರ್ಷ, 2021ರ ಏಪ್ರಿಲಿನಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳು ತಮ್ಮ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಒಂದು ಲೀಟರು ನೀರಿಗೆ 1.5 ಮಿಲಿಗ್ರಾಂ ಕ್ಲೋರಿನ್ ಇದ್ದು, ಆಮ್ಲ-ಕ್ಷಾರಗಳ ಅಳತೆಯಾದ ಪಿ.ಎಚ್. 7.0ರಿಂದ 7.2ರ ಒಳಗಿದ್ದರೆ, ಆ ರೋಗಾಣುವಿನ ಸೋಂಕುವ ಶಕ್ತಿಯು 30 ಸೆಕೆಂಡುಗಳಲ್ಲಿ ಸಾವಿರದ ಒಂದಂಶಕ್ಕಿಂತಲೂ ಕೆಳಗಿಳಿಯುವುದೆಂದು ಗೊತ್ತಾಯಿತು. ಎಂದರೆ ಅಪಾಯವಿದ್ದುದು ನೀರಿನಲ್ಲಲ್ಲ. ದಡದಲ್ಲಿ, ಓಣಿಯಲ್ಲಿ, ಕೊಠಡಿಯಲ್ಲಿ, ಮನುಷ್ಯನ ಉಸಿರಿನಲ್ಲಿ. ನಿಯಮಗಳೆಲ್ಲವೂ ದಡದ ನಿಯಮಗಳಾಗಿದ್ದುದಕ್ಕೆ ಇದೇ ಅರ್ಥ.

ಹೊತ್ತು ಮುಗಿಯುವ ಮುನ್ನ ಮೈ ಒರಸಿಕೊಳ್ಳುತ್ತ ಬಿಸಿಲಿನಲ್ಲಿ ನಿಂತಿದ್ದೆನು. ಎರಡು ಮೀಟರಿನಾಚೆ, ಸುಮಾರು ಎಂಬತ್ತು ವರ್ಷದ ಒಬ್ಬ ಆಂಗ್ಲ ವೃದ್ಧೆಯು ಟವಲು ಹೊದ್ದು ಕುಳಿತಿದ್ದಳು. ಹುಡುಗಿಯಾಗಿದ್ದಾಗಿನಿಂದ ಅದೇ ಕೊಳದಲ್ಲಿ ಈಜಿದವಳು. ನಾಲ್ಕು ತಿಂಗಳು ಮನೆಯಲ್ಲಿ ಒಂಟಿಯಾಗಿದ್ದು, ಅಂದು ಮೂರನೆಯ ಸಲ ಬಂದಿದ್ದಳು. ಆಕೆಗೆ ಮೊಬೈಲಿನಲ್ಲಿ ಟಿಕೀಟು ಕಾದಿರಿಸಲು ಬಾರದು. ನೆರೆಮನೆಯ ಹುಡುಗನು ಮಾಡಿಕೊಡುವನಂತೆ. “ಅವನು ಇಲ್ಲದಿದ್ದರೆ ನನಗೆ ಈ ಬಾಗಿಲು ಇನ್ನೂ ಮುಚ್ಚಿಯೇ ಇರುತ್ತಿತ್ತು. ನಿಯಮ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ನನ್ನ ವಯಸ್ಸಿನವರು ಎಷ್ಟು ಮಂದಿ ಹೀಗೆ ಮನೆಯಲ್ಲಿಯೇ ಉಳಿದಿದ್ದಾರೋ!” ಎಂದಳು. ಮಾತು ಮಾತಿಗೆ ಬಂದು, ನಾನು ಈಜು ಕಲಿತುದು ಎಲ್ಲಿ ಎಂದು ಕೇಳಿದಳು. ನಮ್ಮ ಹಳ್ಳಿಯ ದೇವಾಲಯದ ಮುಂದಿನ ಕಲ್ಯಾಣಿಯಲ್ಲಿ, ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು, ಎಂದೆನು. “ಎಷ್ಟು ಚೆನ್ನಾಗಿದೆ! ಹಾಗಾದರೆ ಹಳ್ಳಿಯ ಮಕ್ಕಳೆಲ್ಲರೂ ಅಲ್ಲಿಯೇ ಕಲಿಯುತ್ತಿದ್ದರೋ?” ಎಂದು ಕೇಳಿದಳು.

“ಹೌದು, ಎಲ್ಲರೂ” ಎಂದೆನು.

ಅಷ್ಟರಲ್ಲಿ ಗಂಟೆ ಬಾರಿಸಿತು. ನಾವು ಹೊರಬಿದ್ದೆವು.

ಆ ಎರಡು ಶಬ್ದಗಳು ನನ್ನ ಬೆನ್ನುಹತ್ತಿದವು. ಮೊಮ್ಮಗನು ಹಠ ಹಿಡಿದುದರಿಂದ ಪಾರ್ಲಿಮೆಂಟ್ ಹಿಲ್ಲನ್ನು ಹತ್ತಿದೆವು. ನೂರು ಮೀಟರಿಗೂ ಕಡಿಮೆ ಎತ್ತರದ ಗುಡ್ಡವಾದರೂ ಅಲ್ಲಿಂದ ದಕ್ಷಿಣಕ್ಕೆ ಲಂಡನ್ ಪಟ್ಟಣವೆಲ್ಲ ಕಾಣುವುದು. ಸೇಂಟ್ ಪಾಲ್ ಇಗರ್ಜಿಯ ಗುಮ್ಮಟವು ಎತ್ತರದ ಹೊಸ ಸೌಧಗಳ ನಡುವೆ ಬೋಗುಣಿ ಕವುಚಿಟ್ಟ ಹಾಗಿದ್ದಿತು. ಪೂರ್ವದ ತಗ್ಗಿನಲ್ಲಿ ಮರಗಳ ಸಾಲಿನ ಹಿಂದೆ ಹೈಗೇಟಿನ ಕೆರೆಗಳು. ಹಿಂದೆ ಪಟ್ಟಣಕ್ಕೆ ಕುಡಿಯುವ ನೀರೊದಗಿಸಲು ತೋಡಿದ ಕೆರೆಗಳವು. ಅವುಗಳಲ್ಲಿ ಗಂಡಸರು ಈಜುವ ಕೆರೆ ಒಂದು, ಹೆಂಗಸರದು ಮತ್ತೊಂದು. ಅಲ್ಲಿ 2005ರಿಂದ ಒಂದು ಶುಲ್ಕ ಗೊತ್ತಾಗಿದ್ದರೂ ಅದನ್ನು ಕೊಡುವುದು ಈಜುವವನ ಮನಸ್ಸಾಕ್ಷಿಗೆ ಬಿಟ್ಟ ವಿಷಯವಾಗಿದ್ದಿತು. ಆದರೆ 2020ರಲ್ಲಿ ಕೆರೆ ತೆರೆದಾಗ ಅದು ಕಡ್ಡಾಯವಾಯಿತು: ಸಾಮಾನ್ಯರಿಗೆ 4 ಪೌಂಡು, ರಿಯಾಯಿತಿಯವರಿಗೆ 2 ಪೌಂಡು 40 ಪೆನ್ಸ್. ಬಡವರನ್ನು ದೂರವಿಡುವ ಬೇಲಿಯಿದು ಎಂದು ಅಲ್ಲಿಯ ಈಜುಗಾರರು ಗಟ್ಟಿಯಾಗಿ ಆಕ್ಷೇಪಿಸಿದರು. ಒಂದು ಶುಲ್ಕಕ್ಕಾಗಿ ಇಷ್ಟು ಗಲಭೆಯೇ ಎಂದು ಮೊದಲು ನನಗೆ ಅನಿಸಿದ್ದಿತು. ಗುಡ್ಡದ ಮೇಲಿನ ಬೆಂಚಿನಲ್ಲಿ ಕುಳಿತಾಗ ಹಾಗೆ ಅನಿಸಲಿಲ್ಲ. ಕೊಳದ ಬಳಿಗೆ ಬರಲಾಗದವನನ್ನು ಕುರಿತು ಯೋಚಿಸುವ ಜನ ಅಲ್ಲಿ ಇದ್ದರು. ನಮ್ಮ ಕಲ್ಯಾಣಿಯ ಬಳಿ ಅಂಥವರು ಯಾರಿದ್ದರು?

ಹಳ್ಳಿಯ ಮಕ್ಕಳೆಲ್ಲರೂ ಆ ನೀರಿನಲ್ಲಿ ಕಲಿಯಲಿಲ್ಲ. ನನ್ನ ತರಗತಿಯಲ್ಲಿ ಹೊಲಗೇರಿಯ ಹುಡುಗನೊಬ್ಬನಿದ್ದನು. ಓಟದಲ್ಲಿ ಅವನನ್ನು ಮೀರಿಸಿದವರಿಲ್ಲ. ಮಗ್ಗಿಯಲ್ಲಿ ನನಗಿಂತ ಮೇಲು. ಪಾಠಶಾಲೆ ಬಿಟ್ಟೊಡನೆ ನಾವು ಕಲ್ಯಾಣಿಗೆ ಓಡುವೆವು. ಅವನೂ ಓಡಿ ಬರುವನು. ಆದರೆ ಹೊಂಗೆಯ ಮರದ ಬಳಿ ನಿಂತುಬಿಡುವನು. ನಾವು ಕಳಚಿಟ್ಟ ಅಂಗಿಗಳನ್ನು ಮುಟ್ಟದೆಯೇ ಕಾಯುವನು. ದನ ಬಂದರೆ ಓಡಿಸುವನು. ಆ ಮರಕ್ಕೂ ಮೆಟ್ಟಿಲಿಗೂ ಎಷ್ಟು ದೂರವೆಂದು ಯಾರೂ ಅಳೆದಿರಲಿಲ್ಲ, ನೆಲದ ಮೇಲೆ ಗುರುತು ಹಾಕಿರಲಿಲ್ಲ, ಫಲಕವಿರಲಿಲ್ಲ. ಆದರೂ ಏಳು ವರ್ಷದ ಮಗುವಿಗೂ ಅದರ ಅಳತೆ ತಿಳಿದಿದ್ದಿತು. ಇದು 1960ರ ದಶಕದ ಮಾತು. ಬಾವಿ, ಕೆರೆ, ಸ್ನಾನಘಟ್ಟಗಳಲ್ಲಿ ಯಾರನ್ನೂ ಜಾತಿಯ ಕಾರಣದಿಂದ ತಡೆಯಕೂಡದೆಂದು ಸಂವಿಧಾನದ 15ನೆಯ ವಿಧಿಯು ಹೇಳಿ ಆಗಲೇ ಹತ್ತು ವರ್ಷ ಮೀರಿದ್ದಿತು. ಅದಕ್ಕೂ ಬಹಳ ಮುಂಚೆ, 1927ರ ಮಾರ್ಚಿ 20ರಂದು, ಡಾಕ್ಟರ್ ಅಂಬೇಡ್ಕರ್ ಅವರು ಸಹಸ್ರಾರು ಜನರೊಡನೆ ಮಹಾಡಿನ ಚೌದಾರ್ ಕೆರೆಯ ನೀರನ್ನು ಮುಟ್ಟಿ ಕುಡಿದಿದ್ದರು. ಅವರು ಹೋದ ಮೇಲೆ ಊರಿನ ಸವರ್ಣೀಯರು ಪಂಚಗವ್ಯವನ್ನು ಹಾಕಿ ಆ ಕೆರೆಯನ್ನು ಶುದ್ಧಿಮಾಡಿದರು. ಲೀಡೊದ ನೀರಿಗೆ ಹಾಕುವ ಕ್ಲೋರಿನ್ ರೋಗವನ್ನು ಕಳೆಯತಕ್ಕದ್ದು. ಆ ಪಂಚಗವ್ಯವನ್ನು ಹಾಕಿದ್ದು ಮನುಷ್ಯನನ್ನು ಕಳೆಯಲು. ಸ್ಮೃತಿಯ ವಿಧಿಗಳನ್ನು ನೆನೆದು ಬೀಗಿದ್ದ ನನಗೆ, ಅದೇ ಸ್ಮೃತಿಯ ನೆರಳಿನಲ್ಲಿ ಹೊಂಗೆಯ ಕೆಳಗೆ ನಿಂತಿದ್ದ ಬಾಲಕನು ಆಗ ಕಣ್ಣಿಗೆ ಕಟ್ಟಿದನು.

ಆ ವರ್ಷ ನಮ್ಮ ದೇಶದಲ್ಲಿಯೂ ದೂರದರ್ಶನ, ರೇಡಿಯೋ, ಗೋಡೆ, ಬಸ್ಸುಗಳಲ್ಲೆಲ್ಲ ‘ಸಾಮಾಜಿಕ ಅಂತರವನ್ನು ಕಾಯ್ದುಕೊಳ್ಳಿ’ ಎಂಬ ವಾಕ್ಯವು ಮೊಳಗಿದ್ದನ್ನು ವಾಚಕರು ಮರೆತಿರಲಾರರು. ಉಪಾಧ್ಯಾಯನ ಹಾಳು ಅಭ್ಯಾಸ. ನಾನು ಶಬ್ದವನ್ನು ಬಿಡಿಸಿ ನೋಡಿದೆನು. ‘ಸಮ್’ ಎಂದರೆ ಕೂಡಿ, ‘ಅಜ್’ ಎಂಬ ಧಾತುವಿಗೆ ಸಾಗುವುದೆಂದು ಅರ್ಥ. ಕೂಡಿ ಸಾಗುವುದೇ ಸಮಾಜ. ಹಾಗಿರುವಲ್ಲಿ ಸಾಮಾಜಿಕವಾದ ಅಂತರವೆಂಬುದು ತನ್ನನ್ನು ತಾನೇ ಕಡಿದುಕೊಳ್ಳುವ ಮಾತು. ಬೇಕಾಗಿದ್ದುದು ದೇಹಗಳ ನಡುವಣ ಅಂತರ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯೂ 2020ರ ಮಾರ್ಚಿಯಲ್ಲಿಯೇ ‘ದೈಹಿಕ ಅಂತರ’ ಎಂಬ ಅರ್ಥದ ಮಾತಿಗೆ ತಿರುಗಿದ್ದಿತು. ಲೀಡೊದಲ್ಲಿ ನಾನು ಕಂಡ ಅಂತರವು ಎಲ್ಲರಿಗೂ ಎರಡೇ ಮೀಟರು. ಆ ವೃದ್ಧೆಗೆ ನನ್ನಿಂದ ಎಷ್ಟು ದೂರವೋ ನನಗೆ ಆಕೆಯಿಂದಲೂ ಅಷ್ಟೇ ದೂರ. ಎಲ್ಲರೂ ನೀರಿಗೆ ಇಳಿಯಲೆಂದು ಹಾಕಿದ ಗೆರೆಯದು. ಹೊಂಗೆಯ ಮರದ ಅಂತರವು ಒಬ್ಬನಿಗೆ ಮಾತ್ರ ಸಲ್ಲತಕ್ಕದ್ದು. ಅವನು ಎಂದಿಗೂ ನೀರಿಗೆ ಇಳಿಯಬಾರದೆಂದು ಹಾಕಿದುದು. ಕಾಲವು ಮೊದಲನೆಯದನ್ನು ತಾನೇ ಅಳಿಸಿತು. ಎರಡನೆಯದನ್ನು ಅಳಿಸಲು ಕೈಗಳೇ ಬೇಕು. ನನ್ನ ಕೈಗಳು ಆಗ ಈಜುವುದರಲ್ಲಿ ಮಗ್ನವಾಗಿದ್ದವು.

ಆ ವೃದ್ಧೆಯನ್ನು ಮತ್ತೆ ಕಂಡು ನಿಜವನ್ನು ಹೇಳಬೇಕೆಂಬ ಆಸೆಯಿದ್ದಿತು. ಇನ್ನೆರಡು ಸಲ ಕೊಳಕ್ಕೆ ಹೋದರೂ ಆಕೆ ಕಾಣಲಿಲ್ಲ. ಸೆಪ್ಟೆಂಬರಿನಲ್ಲಿ ‘ವಂದೇ ಭಾರತ್’ ಏರ್ಪಾಟಿನ ವಿಮಾನವೊಂದರಲ್ಲಿ ನಮಗೆ ಸ್ಥಳ ದೊರೆಯಿತು. ಬೆಂಗಳೂರಿಗೆ ಬಂದು ಇಳಿದೆವು. ನಾವು ಬಂದ ಮೇಲೆ ಅಲ್ಲಿಯ ಕೊಳಗಳು ನವೆಂಬರ್ 5ರಂದು ಮತ್ತೆ ಮುಚ್ಚಿದವು. ಡಿಸೆಂಬರಿನಲ್ಲಿ ಕೆಲವು ದಿನ ತೆರೆದು ಪುನಃ ಮುಚ್ಚಿ, 2021ರ ಮಾರ್ಚಿ 29ರಿಂದ ಬಯಲಿನವೂ ಏಪ್ರಿಲ್ 12ರಿಂದ ಒಳಗಿನವೂ ತೆರೆದವು. ನಮ್ಮ ದೇಶದಲ್ಲಿ 2020ರ ಅಕ್ಟೋಬರ್ 15ರಿಂದ ಕ್ರೀಡಾಪಟುಗಳ ತರಬೇತಿಗೆ ಮಾತ್ರ ಅನುಮತಿಯಿದ್ದಿತು. ಸರ್ವರಿಗೂ ಕೊಳಗಳನ್ನು ತೆರೆಯಲು ಕೇಂದ್ರ ಸರಕಾರವು ಒಪ್ಪಿದುದು 2021ರ ಫೆಬ್ರವರಿ 1ರಿಂದ. ಎರಡನೆಯ ಅಲೆಯು ಬಂದಾಗ ಇಲ್ಲಿಯೂ ಅವುಗಳಿಗೆ ಮತ್ತೆ ಬೀಗ ಬಿದ್ದಿತು.

ಆ ಎರಡು ಮುಚ್ಚುಗಡೆಗಳ ನಡುವಣ ಫೆಬ್ರವರಿಯಲ್ಲಿ ನಾನು ಹಳ್ಳಿಗೆ ಹೋದೆನು. ಕಲ್ಯಾಣಿಯಲ್ಲಿ ಪಾಚಿ ತುಂಬಿದ್ದಿತು. ಈಜುವವರು ಯಾರೂ ಇರಲಿಲ್ಲ. ಹೊಂಗೆಯ ಮರವನ್ನು ರಸ್ತೆಗಾಗಿ ಕಡಿದಿದ್ದರು. ನನ್ನ ಸಹಪಾಠಿಯು ಸರಕಾರಿ ನೌಕರಿಯಿಂದ ನಿವೃತ್ತನಾಗಿ ತಾಲ್ಲೂಕಿನ ಊರಿನಲ್ಲಿ ಮನೆ ಕಟ್ಟಿಸಿಕೊಂಡಿದ್ದಾನೆಂದು ತಿಳಿದು ಅಲ್ಲಿಗೆ ಹೋದೆನು. ಜಗಲಿಯಲ್ಲಿ ಇಬ್ಬರೂ ಗವಸು ಹಾಕಿ ದೂರ ದೂರ ಕುಳಿತೆವು. ನಾನು ಲಂಡನ್ನಿನ ಕೊಳದ ಕಥೆಯನ್ನು ಹೇಳಿ, ನಾನು ಆಡಿದ ಸುಳ್ಳನ್ನೂ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಈಜು ಕಲೀಲಿಲ್ಲ ಮೇಷ್ಟ್ರೇ. ಆ ನೀರು ಹೇಗಿತ್ತು ಅಂತ ಆಗಾಗ ಅಂದ್ಕೋತಿದ್ದೆ” ಎಂದನು. ಒಂದು ನಿಮಿಷ ಬಿಟ್ಟು, “ಮೊಮ್ಮಗಳು ಕಲಿತಿದ್ದಾಳೆ. ಮೈಸೂರಲ್ಲಿದ್ದಾಳೆ. ಕೊಳ ತೆಗೆದ ದಿನವೇ ಹೋದಳಂತೆ” ಎಂದು ಸೇರಿಸಿದನು. ಅಷ್ಟರಲ್ಲಿ ಒಳಗಿನಿಂದ ಅವನ ಪತ್ನಿಯು ಎರಡು ಲೋಟ ಕಾಫಿಯನ್ನು ತಂದಿಟ್ಟರು. ಗವಸು ಕಳಚಿ ಕುಡಿದೆವು. ಅವನ ಮನೆಯಲ್ಲಿ ನಾನು ಏನನ್ನಾದರೂ ಕುಡಿದುದು ಅದೇ ಮೊದಲು. ಅದನ್ನು ಇಬ್ಬರೂ ಬಲ್ಲೆವು, ಇಬ್ಬರೂ ಆಡಲಿಲ್ಲ.

ವ್ಯಾಧಿಯ ಕಾಲದ ಗುರುತುಗಳನ್ನು ಈಗ ಎಲ್ಲೆಡೆಯೂ ಅಳಿಸಿದ್ದಾರೆ. ಅಲ್ಲೊಂದು ಇಲ್ಲೊಂದು ಅಂಗಡಿಯ ಮುಂದೆ ಮಾಸಿದ ವೃತ್ತವು ಉಳಿದಿರುವುದುಂಟು. ಅದನ್ನು ಕಂಡಾಗಲೆಲ್ಲ ನಾನು ಒಂದು ಕ್ಷಣ ನಿಲ್ಲುತ್ತೇನೆ. ನಿಮ್ಮ ಊರಿನಲ್ಲಿ ಕೊಳವೋ ಕೆರೆಯೋ ಬಾವಿಯೋ ಇದ್ದರೆ, ಅದರ ದಡದಲ್ಲಿ ನಿಂತು ನೀರನ್ನು ಮಾತ್ರ ನೋಡಿ ಬರಬೇಡಿರಿ. ಯಾರು ಇಳಿದಿಲ್ಲವೆಂಬುದನ್ನೂ ಒಮ್ಮೆ ತಿರುಗಿ ನೋಡಿರಿ. ಅರುವತ್ತರ ಮೇಲೆ ಲಂಡನ್ನಿನ ತಣ್ಣೀರಿನಲ್ಲಿ ಮುಳುಗಿ ನಾನು ಕಲಿತ ಪಾಠವಿಷ್ಟೇ.